ಆರನೇ ಪುಟಕ್ಕೆ

ಎಣಿಸ್ಕೋ ತಿಪ್ಪೇಶಿ, ನೂರಕ್ಕೆ ನಾಲ್ಕು ಜಾಸ್ತೀನೇ ಇಟ್ಟೀನಿ.
ಕೊಟ್ರಮ್ಮನ ಪೊಟ್ಟಣ ತಳ ಬಿಟ್ಟಿತು ಅಂತ
ಮಂಡಿಪೇಟೆಯಾಗೆ ಒಬ್ಬ ಹೇಳ್ಲಿ ನೋಡಾನ.
ಆ ಸಾಲು ಮುಟ್ಟಬ್ಯಾಡ, ಗಂಜಿ ಇನ್ನೂ ಹಸಿ ಐತೆ.

ಕುಂತ್ಕೋ, ಅಶೋಕ ಟಾಕೀಸ್ ಗೇಟು ಹಾಕ್ಯಾರೆ.
ಹುಬ್ಬಳ್ಳಿ ಗಾಡಿ ಹೋಗಾತನಕ
ನಿಮ್ಮಪ್ಪನೂ ಬಯ್ಯಂಗಿಲ್ಲ, ಮಿರ್ಚಿನೂ ಆರಂಗಿಲ್ಲ.

ಸುದ್ದಿ ನನಗೆ ಒಂದು ತಿಂಗಳು ತಡ. ಆದ್ರೇನು,
ಅವತ್ತು ಸತ್ತೋನು ಇವತ್ತೂ ಸತ್ತೋನೇ.

ಇವನ್ನ ನೋಡು, ಬ್ಯಾಟು ಎತ್ತಿ ನಿಂತಾನೆ,
ಚೆಂಡು ಇದ್ದ ಅರ್ಧ ನಿನ್ನೆ ಶೇಂಗಾಕ್ಕೆ ಹೋತು.
ಹೊಡೆದನೋ, ಔಟಾದನೋ, ತಿಂದೋನಿಗೇ ಗೊತ್ತು.
ಐದು ದಿನ ಆಡಿ ಯಾರೂ ಗೆಲ್ಲಲಿಲ್ಲ ಅಂದ್ರೆ
ಅದು ಸಂಸಾರ ಕಣೋ, ಆಟ ಅಲ್ಲ.
ನಮ್ಮ ಮಾವ ಗರಡಿಯಾಗೆ ಇದ್ದೋರು.
ಬೆನ್ನಿಗೆ ಮಣ್ಣು ಹತ್ತಿದ್ರೆ ಸೋತ, ಹತ್ತದಿದ್ರೆ ಇಲ್ಲ.
ಅದನ್ನ ಹಿಂದಕ್ಕೂ ಮುಂದಕ್ಕೂ ಟೀವಿಯಾಗೆ ತಿರುಗಿಸಿ
ನೋಡಾಕೆ ಏನೈತೆ?

ಇದು ಬ್ಯಾಡ, ಈ ನುಣುಪು ಹಾಳೆ ತೆಗೆದಿಡು.
ಎಣ್ಣೆ ಹೀರಂಗಿಲ್ಲ, ಗಂಜಿ ಹಿಡಿಯಂಗಿಲ್ಲ,
ಸರ್ಕಾರದ ಸಾಧನೆ ಬರೋದು ಇದರಾಗೇ.
ಪಕ್ಷ ಬಿಟ್ಟ, ಪಕ್ಷ ಬಿಟ್ಟ ಅಂತ ಒಬ್ಬನ್ನ ಬಯ್ದಾರಲ್ಲ ಇಲ್ಲಿ,
ಪಾಪ, ಕುರ್ಚಿ ಎಲ್ಲೈತೋ ಅಲ್ಲೇ ಕುಂತಾನೆ ಅವನು,
ಮನೆ ಬದಲಾದದ್ದು ಕುರ್ಚೀದು.
ವೋಟು? ಹಾಕ್ತೀನಪ್ಪ. ಯಾರಿಗೆ ಅಂತ
ನಮ್ಮ ಯಜಮಾನ ಸಾಯಾತನಕ ಕೇಳಿದ್ರು, ಹೇಳಲಿಲ್ಲ.

ಸಿನಿಮಾದೋನು ಈಟು ದೊಡ್ಡದಾಗಿ ಬಂದ್ರೆ ನನಗೆ ಲಾಭ,
ಒಂದು ಮುಖಕ್ಕೆ ಎರಡು ಪೊಟ್ಟಣ.
ಆ ಹುಡುಗಿ ಕೂಡೆ ಕುಣಿಯುವಾಗ ನೋಡೀಯಾ,
ಮೊಣಕಾಲು ಬಗ್ಗಿಸಂಗೇ ಇಲ್ಲ. ನೋವೈತೆ. ನನಗೂ ಹಂಗೇ.
ಧಾರಾವಾಹಿ ಸೊಸೆದೀರು ಒಡವೆ ಹಾಕ್ಕಂಡು ಮಲಗ್ತಾರೆ,
ಅಡವಿಟ್ಟೋಳ ಕತೆ ಒಂದು ತೋರಿಸ್ಲಿ,
ನಮ್ಮ ವಠಾರ ಪೂರ್ತಿ ಕುಂತು ನೋಡ್ತೈತೆ.

ಮತ್ತೆ ಆ ಫೈನಾನ್ಸಿನೋನ ಕೊಲೆ, ಹಗೇದಿಬ್ಬದ ಹತ್ರ ಆತಲ್ಲ,
'ಹಳೇ ವೈಷಮ್ಯವೇ ಕಾರಣವೆಂದು ಹೇಳಲಾ'...
ಅಲ್ಲಿಗೆ 'ಆರನೇ ಪುಟಕ್ಕೆ' ಅಂತ ಬರೆದಾರೆ.
ಆರನೇ ಪುಟ ಯಾವನೋ ಮಂಡಕ್ಕಿ ಕಟ್ಟಿಸ್ಕಂಡು ಹೋದ.
ನನ್ನ ಕೇಳಿದ್ರೆ ಭಾವಮೈದುನನೇ.
ಸಾವಿನ ಮನೆ ಫೋಟೋದಾಗೆ ಬೈತಲೆ ತೆಗೆದು
ನಿಂತೋನು ಅವನೊಬ್ಬನೇ.
ಏನು, ಡ್ರೈವರನ್ನ ಹಿಡಿದ್ರಾ?
ಇರ್ಲಿ ಬಿಡು. ಪೊಲೀಸರಿಗೆ ಆರನೇ ಪುಟ ಸಿಕ್ಕಿರ್ತೈತೆ.

ಅದು? ಅದನ್ನ ತೆಗೀಬ್ಯಾಡ.
ಚಾಪೆ ಕೆಳಗೆ ಇಟ್ಟಿದ್ದನ್ನ ಯಾಕೆ ತೆಗೀತೀಯ, ಕೊಡು ಇಲ್ಲಿ.

ಏನಿಲ್ಲ, ಬೈಕ್ ಕಳ್ಳರು.
ಸಾಹೇಬ್ರು ಮುಂದೆ ಕುರ್ಚಿ ಮ್ಯಾಲೆ,
ಹನ್ನೊಂದು ಗಾಡಿ ಸಾಲಾಗಿ,
ಹಿಂದೆ ಮೂವರು, ಮುಖದ ಮ್ಯಾಲೆ ಟವೆಲ್ಲು.
ಎಲ್ಲಾ ಊರಾಗೂ ಇದೇ ಫೋಟೋ.
ಎಡಗಡೆಯೋನು ಒಂದು ಕಾಲ ಮ್ಯಾಲೆ ಇನ್ನೊಂದು ಕಾಲಿಟ್ಟು
ನಿಂತಾನೆ, ನೆಲ ಸುಡೋರಂಗೆ.
ಸಣ್ಣೋನಿದ್ದಾಗಿಂದಲೂ...
ಟವೆಲಿನ ಅಂಚು ಪಿಸಿದಿತ್ತು, ನೀಲಿ ದಾರ ಸಿಕ್ಕಿರಲಿಲ್ಲ,
ಕೆಂಪು ಹಾಕಿ ಹೊಲಿದಿದ್ದೆ. ಇದು ಕಪ್ಪು ಬಿಳುಪು,
ಯಾರಿಗೂ ಗೊತ್ತಾಗಂಗಿಲ್ಲ.

ಇದನ್ನ ಮಡಚಂಗಿಲ್ಲ ತಿಪ್ಪೇಶಿ.
ಬಿಸಿ ಮಿರ್ಚಿ ಬಿದ್ರೆ ಕಾಗದ ಎಣ್ಣೆ ಕುಡಿದು ತೆಳ್ಳಗಾಗಿ
ಆಚೆ ಕಡೇದೆಲ್ಲ ಈಚೆ ಕಾಣಸ್ತೈತೆ.
ಟವೆಲ್ಲು ತಡೀತೈತೋ ಇಲ್ಲೋ.

ಗಾಡಿ ಹೋತು ನೋಡು, ಗೇಟು ತೆಗೆದ್ರು.
ನಿಮ್ಮಪ್ಪಗೆ ಹೇಳು, ನೂರಕ್ಕೆ ಎರಡು ರೂಪಾಯಿ ಏರಿಸ್ಬೇಕು,
ಮೈದಾ ರೇಟು ಏರೈತೆ.
ಮತ್ತೆ ನಾಳೆ ರದ್ದಿ ತರೋದಾದ್ರೆ
ಇಂಗ್ಲಿಷ್ ಪೇಪರ್ ತಾ.
ನನಗೆ ಓದಾಕೆ ಬರಂಗಿಲ್ಲ, ಕೆಲಸ ಬ್ಯಾಗ ಆಗ್ತೈತೆ.